ಪೆಟ್ಟಿಗೆಯೊಳಗೆ ಕುಳಿತವರು
ಬುದ್ಧಿಯಂತ್ರ ಮತ್ತು ಪ್ರತಿಷ್ಠಾಪನಾ ಕಲೆ: ಒಂದು ಚಾರಿತ್ರಿಕ ನೋಟ

ಪ್ರತಿಷ್ಠಾಪನೆ ಎಂಬ ಶಬ್ದಕ್ಕೆ ನಮ್ಮ ಎರಡೂ ಭಾಷೆಗಳಲ್ಲಿ ದೇವಸ್ಥಾನದ ವಾಸನೆಯಿದೆ. ಬಿಂಬವನ್ನು ತಂದು ಪೀಠದ ಮೇಲಿರಿಸಿ, ಅಷ್ಟಬಂಧ ಹಾಕಿ, ಪ್ರಾಣಪ್ರತಿಷ್ಠೆ ಮಾಡಿದ ಮೇಲೆ ಅದು ಬರಿಯ ಕಲ್ಲಲ್ಲ. ಅದನ್ನು ಕದಲಿಸುವಂತೆಯೂ ಇಲ್ಲ. ಕಳೆದ ಕೆಲವು ದಶಕಗಳಿಂದ ಇದೇ ಶಬ್ದವನ್ನು ನಮ್ಮ ಕಲಾವಿಮರ್ಶಕರು ಇನ್‌ಸ್ಟಲೇಷನ್ ಎಂಬ ಕಲೆಗೆ ಬಳಸುತ್ತಿದ್ದಾರೆ. ಅರ್ಥ ಮಾತ್ರ ಬಹುಮಟ್ಟಿಗೆ ತಿರುಗುಮುರುಗು. ಈ ಕಲೆಯಲ್ಲಿ ಒಂದು ಕೋಣೆಯನ್ನೋ ಅಂಗಳವನ್ನೋ ವಸ್ತುಗಳಿಂದ, ಬೆಳಕಿನಿಂದ, ಶಬ್ದದಿಂದ, ಯಂತ್ರದಿಂದ ತುಂಬುತ್ತಾರೆ; ನೋಡುವವನು ಅದರ ಒಳಹೊಕ್ಕು ನಡೆದಾಡುತ್ತಾನೆ; ಕೆಲವು ತಿಂಗಳ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರುತ್ತಾರೆ. ನಾನು ಇಂಥದ್ದನ್ನು ಮೊದಲು ಕಂಡದ್ದು ಫೋರ್ಟ್ ಕೊಚ್ಚಿಯಲ್ಲಿ, ದ್ವೈವಾರ್ಷಿಕ ಕಲಾಮೇಳದ ಸಮಯದಲ್ಲಿ, ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ವ್ಯಾಪಾರ ಕೋಠಿಯ ಗೋದಾಮುಗಳಲ್ಲಿ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಬಸ್ಸಿನಲ್ಲಿ ಮನೆಗೆ ಮರಳುವಾಗಲೂ ಜೊತೆಯಲ್ಲಿತ್ತು: ಹೀಗೆ ನಿಲ್ಲಿಸಿದ ವಸ್ತುವಿಗೆ ಪ್ರಾಣ ಬರುವುದು ಎಲ್ಲಿಂದ? ಮಾಡಿದವನಿಂದಲೋ, ನೋಡುವವನಿಂದಲೋ?

ವಸ್ತು ಒಂದು ಯಂತ್ರವಾಗಿ, ಆ ಯಂತ್ರ ತಾನು ಯೋಚಿಸುತ್ತೇನೆಂದು ತೋರಿಸಿಕೊಳ್ಳುವಾಗ ಈ ಪ್ರಶ್ನೆ ಇನ್ನಷ್ಟು ಗಹನವಾಗುತ್ತದೆ. ಇಂದು ಕೃತಕ ಬುದ್ಧಿಮತ್ತೆಯ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಲಾಭನಷ್ಟಗಳನ್ನು ಹೇಳಲು ತಜ್ಞರಿದ್ದಾರೆ. ಕಲಾವಿದರು ಈ ಯಂತ್ರವನ್ನು ಜನರ ನಡುವೆ ತಂದು ನಿಲ್ಲಿಸಿ ಏನು ಕೇಳಿದರು ಎಂಬ ಚರಿತ್ರೆಯನ್ನು ಒಬ್ಬ ಬ್ಯಾಂಕ್ ಗುಮಾಸ್ತನ ಕಣ್ಣಿನಿಂದ ನೋಡುವುದಷ್ಟೇ ಈ ಲೇಖನದ ಉದ್ದೇಶ.

ತುರ್ಕನ ಪೆಟ್ಟಿಗೆ

ಈ ಚರಿತ್ರೆಯನ್ನು ಕಂಪ್ಯೂಟರಿನಿಂದ ಆರಂಭಿಸುವುದು ವಾಡಿಕೆ. ನನಗೆ ಅದಕ್ಕಿಂತ ಸುಮಾರು ಇನ್ನೂರು ವರ್ಷ ಹಿಂದೆ ಹೋಗಬೇಕೆನಿಸುತ್ತದೆ. 1770ರಲ್ಲಿ ವಿಯೆನ್ನಾದ ರಾಣಿ ಮರಿಯಾ ತೆರೇಸಾಳ ಆಸ್ಥಾನದಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಅಧಿಕಾರಿ ಒಂದು ಯಂತ್ರವನ್ನು ಪ್ರದರ್ಶಿಸಿದ. ಮರದ ದೊಡ್ಡ ಪೆಟ್ಟಿಗೆ. ಅದರ ಹಿಂದೆ ತುರ್ಕಿಯ ಉಡುಪು, ಮುಂಡಾಸು ತೊಟ್ಟ ಬೊಂಬೆ. ಮುಂದೆ ಚದುರಂಗದ ಹಾಸು. ಬೊಂಬೆ ತಾನೇ ಕೈಯೆತ್ತಿ ಕಾಯಿ ನಡೆಸುತ್ತಿತ್ತು, ಹೆಚ್ಚಿನ ಸಲ ಗೆಲ್ಲುತ್ತಿತ್ತು. ಆಟಕ್ಕೆ ಮುಂಚೆ ಕೆಂಪೆಲೆನ್ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು, ಮೇಣದ ಬತ್ತಿ ಹಿಡಿದು, ಒಳಗೆ ಹಲ್ಲುಚಕ್ರಗಳಲ್ಲದೆ ಬೇರೇನೂ ಇಲ್ಲವೆಂದು ತೋರಿಸುತ್ತಿದ್ದ.

ಒಳಗೆ ಒಬ್ಬ ಮನುಷ್ಯನಿದ್ದ. ಜಾರುವ ಪೀಠದ ಮೇಲೆ ಕುಳಿತು, ಒಂದು ಬಾಗಿಲು ತೆರೆದಾಗ ಇನ್ನೊಂದರ ಮರೆಗೆ ಸರಿಯುತ್ತಿದ್ದ. ಬಾಗಿಲು ಮುಚ್ಚಿದ ಮೇಲೆ ಒಂದು ಬತ್ತಿಯ ಬೆಳಕಿನಲ್ಲಿ ಆಟ ನಡೆಸುತ್ತಿದ್ದ. ಕೆಂಪೆಲೆನ್ 1804ರಲ್ಲಿ ತೀರಿಕೊಂಡ ಮೇಲೆ ಈ ತುರ್ಕ ಮೆಲ್ಜೆಲ್ ಎಂಬವನ ಕೈಸೇರಿ, 1809ರಲ್ಲಿ ನೆಪೋಲಿಯನ್ನನೊಂದಿಗೂ ಆಡಿ, 1826ರ ಹೊತ್ತಿಗೆ ಅಮೆರಿಕಕ್ಕೆ ಹೋಯಿತು. ಅಲ್ಲಿ ಪೆಟ್ಟಿಗೆಯೊಳಗೆ ಕುಳಿತವನು ಷ್ಲುಂಬರ್ಗರ್ ಎಂಬ ಒಳ್ಳೆಯ ಚದುರಂಗಪಟು. 1838ರಲ್ಲಿ ಕ್ಯೂಬಾ ಪ್ರವಾಸದಲ್ಲಿ ಅವನು ಹಳದಿ ಜ್ವರದಿಂದ ಸತ್ತ. ಅಲ್ಲಿಗೆ ಯಂತ್ರದ ಬುದ್ಧಿಯೂ ಮುಗಿಯಿತು. ಮರಳುವ ಹಡಗಿನಲ್ಲಿ ಮೆಲ್ಜೆಲ್ ಕೂಡ ಸತ್ತ. 1854ರಲ್ಲಿ ಫಿಲಡೆಲ್ಫಿಯಾದ ಒಂದು ಬೆಂಕಿ ಅನಾಹುತದಲ್ಲಿ ಪೆಟ್ಟಿಗೆ ಸುಟ್ಟುಹೋಯಿತು.

ಈ ಕತೆಯನ್ನು ಬರಿಯ ಮೋಸದ ಕತೆಯೆಂದು ಹೇಳಿ ಬಿಡುವುದುಂಟು. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಬಾಗಿಲು ತೆರೆದು ತೋರಿಸುವ ಆ ಕ್ರಮ. ತೆರೆದು ತೋರಿಸಿದ್ದರಿಂದಲೇ ಜನ ನಂಬಿದರು. ಮುಂದಿನ ಪುಟಗಳಲ್ಲಿ ಬರುವ ಕಲಾವಿದರು ಮಾಡಿದ್ದೂ ಬಾಗಿಲು ತೆರೆಯುವ ಕೆಲಸವನ್ನೇ. ಯಾರು ನಿಜವಾಗಿ ತೆರೆದರು, ಯಾರು ಚಕ್ರಗಳನ್ನಷ್ಟೇ ತೋರಿಸಿದರು ಎಂಬುದನ್ನು ನೋಡಬೇಕು.

ಲಂಡನ್, 1968

ಕಂಪ್ಯೂಟರ್ ಮತ್ತು ಕಲೆಯ ಸಂಬಂಧದಲ್ಲಿ ಮೊದಲ ದೊಡ್ಡ ಜನಜಾತ್ರೆ ನಡೆದದ್ದು ಲಂಡನ್ನಿನಲ್ಲಿ. ಅಲ್ಲಿನ ಸಮಕಾಲೀನ ಕಲೆಗಳ ಸಂಸ್ಥೆಯಲ್ಲಿ 1968ರ ಆಗಸ್ಟ್ 2ರಿಂದ ಅಕ್ಟೋಬರ್ 20ರ ವರೆಗೆ 'ಸೈಬರ್ನೆಟಿಕ್ ಸೆರೆಂಡಿಪಿಟಿ' ಎಂಬ ಪ್ರದರ್ಶನ ಏರ್ಪಟ್ಟಿತು. ಅದನ್ನು ಸಂಯೋಜಿಸಿದವರು ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಯಾಸಿಯಾ ರೈಕಾರ್ಟ್. ಜರ್ಮನ್ ಚಿಂತಕ ಮಾಕ್ಸ್ ಬೆನ್ಸೆ 1965ರಲ್ಲಿ ಕೊಟ್ಟ ಸಲಹೆ ಇದರ ಮೂಲ. ಕವಿಗಳು, ಸಂಗೀತಗಾರರು, ಇಂಜಿನಿಯರುಗಳು, ಗಣಿತಜ್ಞರು ಸೇರಿ ಮುನ್ನೂರಕ್ಕೂ ಹೆಚ್ಚು ಮಂದಿ ಭಾಗವಹಿಸಿದರು; ನೋಡಲು ಬಂದವರು ನಲವತ್ತು ಸಾವಿರಕ್ಕೂ ಮಿಕ್ಕಿದ್ದರು. ಗೋಡೆಯ ಚೀಟಿ ಓದದೆ ಯಾವ ಕೃತಿ ಕಲಾವಿದನದು, ಯಾವುದು ಇಂಜಿನಿಯರನದು ಎಂದು ಹೇಳಲಾಗದಂತೆ ಎಲ್ಲವನ್ನೂ ಬೆರೆಸಿದ್ದರಲ್ಲಿ ರೈಕಾರ್ಟ್ ಅವರ ಜಾಣ್ಮೆಯಿತ್ತು.

ಅಲ್ಲಿದ್ದ ಎರಡು ಕೃತಿಗಳನ್ನು ಹೆಸರಿಸಬೇಕು. ಒಂದು, ಗಾರ್ಡನ್ ಪಾಸ್ಕ್ ಎಂಬ ವಿಜ್ಞಾನಿಯ 'ಕಲೊಕ್ವಿ ಆಫ್ ಮೊಬೈಲ್ಸ್', ಎಂದರೆ ತೂಗಾಡುವ ಆಕೃತಿಗಳ ಸಂಭಾಷಣೆ. ಮಾಡಿನಿಂದ ಇಳಿಬಿಟ್ಟ ಐದು ಆಕೃತಿಗಳು, ಎರಡು ಗಂಡು, ಮೂರು ಹೆಣ್ಣು. ಬೆಳಕಿನಿಂದಲೂ ಶಬ್ದದಿಂದಲೂ ಅವು ಒಂದನ್ನೊಂದು ಕರೆಯುತ್ತಿದ್ದವು. ಓಗೊಟ್ಟರೆ ಒಂದಿಷ್ಟು ಹೊತ್ತು ತೃಪ್ತವಾಗಿ ಸುಮ್ಮನಾಗುತ್ತಿದ್ದವು. ನೋಡುವವರು ಟಾರ್ಚೋ ಕನ್ನಡಿಯೋ ಹಿಡಿದು ಆ ಮಾತುಕತೆಯ ನಡುವೆ ಬಾಯಿ ಹಾಕಬಹುದಿತ್ತು. ಬುದ್ಧಿ ಎಂಬುದು ಒಬ್ಬನ ತಲೆಯೊಳಗಿನ ಸೊತ್ತಲ್ಲ, ಇಬ್ಬರ ನಡುವಿನ ಕೊಡುಕೊಳೆ ಎಂಬುದು ಪಾಸ್ಕ್‌ನ ವಿಚಾರ. ಈ ಕೃತಿಯನ್ನು 2018ರಲ್ಲಿ ಅಮೆರಿಕದಲ್ಲಿ ಪುನಃ ನಿರ್ಮಿಸಿದ್ದಾರೆ.

ಇನ್ನೊಂದು, ಎಡ್ವರ್ಡ್ ಇಹ್ನಾತೋವಿಚ್ ಎಂಬ ಪೋಲಿಷ್ ಮೂಲದ ಶಿಲ್ಪಿಯ 'ಸ್ಯಾಮ್'. ಬೆನ್ನೆಲುಬಿನಂಥ ಕಾಂಡ, ಅದರ ತುದಿಯಲ್ಲಿ ಹೂವಿನಂತೆ ಅರಳಿದ ತಲೆ. ಯಾರಾದರೂ ಮೆಲ್ಲಗೆ ಮಾತಾಡಿದರೆ ಆ ಕಡೆಗೆ ಬಾಗುತ್ತಿತ್ತು. ಇದರ ಮುಂದಿನ ಕೂಸೇ 'ಸೆನ್ಸ್ಟರ್'. ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಫಿಲಿಪ್ಸ್ ಕಂಪೆನಿ ಕಟ್ಟಿಸಿದ ಎವೊಲುವಾನ್ ಎಂಬ ವಿಜ್ಞಾನ ಭವನದಲ್ಲಿ 1970ರಲ್ಲಿ ಇದನ್ನು ನಿಲ್ಲಿಸಲಾಯಿತು. ಸುಮಾರು 15 ಅಡಿ ಉದ್ದ, 8 ಅಡಿ ಎತ್ತರದ ಉಕ್ಕಿನ ಕೊಳವೆಗಳ ಪ್ರಾಣಿ. ನಳ್ಳಿಯ ಕೊಂಡಿಯ ಕೀಲುಗಳನ್ನು ನೋಡಿ ಮಾಡಿದ ಕತ್ತು. ತಲೆಯಲ್ಲಿ ಧ್ವನಿಗ್ರಾಹಕಗಳೂ ಚಲನೆ ಗುರುತಿಸುವ ರೇಡಾರೂ ಇದ್ದವು. ಅದನ್ನು ನಡೆಸಿದ ಕಂಪ್ಯೂಟರಿನ ಸ್ಮರಣಶಕ್ತಿ 8 ಕಿಲೋ. ಇಂದು ಕೈಯಲ್ಲಿ ಹಿಡಿಯುವ ಫೋನಿನ ಮುಂದೆ ಅದು ಸಮುದ್ರದ ಮುಂದಿನ ಚಮಚೆ ನೀರು. ಮೆಲ್ಲನೆ ಮಾತಾಡಿದರೆ ಸೆನ್ಸ್ಟರ್ ತಲೆ ಬಗ್ಗಿಸಿ ಹತ್ತಿರ ಬರುತ್ತಿತ್ತು. ಗದ್ದಲ ಮಾಡಿದರೆ, ಕೈ ಬೀಸಿದರೆ ಹಿಂಜರಿಯುತ್ತಿತ್ತು. ಮಕ್ಕಳು ಕೂಗಿ ಕರೆದರು, ಕೈ ಚಾಚಿದರು, ಅದು ನಾಚಿತೆಂದೂ ಮುನಿಯಿತೆಂದೂ ಹೇಳಿದರು.

ಇಹ್ನಾತೋವಿಚ್‌ನ ದೊಡ್ಡತನ ಇರುವುದು ಇಲ್ಲಿ: ಈ ಮೆಚ್ಚುಗೆಯನ್ನು ಆತ ತನ್ನ ಖಾತೆಗೆ ಜಮಾ ಮಾಡಿಕೊಳ್ಳಲಿಲ್ಲ. ಪ್ರೋಗ್ರಾಮು ಸರಳವಾದದ್ದು, ಆ ಭವನದ ಮಾರ್ದನಿಯಿಂದಲೂ ಜನರ ಕಲ್ಪನೆಯಿಂದಲೂ ಅದಕ್ಕೆ ಜೀವ ಬಂದಂತೆ ಕಾಣುತ್ತದೆ ಎಂಬ ಅರಿವು ಅವನಿಗಿತ್ತು. ಎಂದರೆ ಬಾಗಿಲು ತೆರೆದು, ಒಳಗೆ ಯಾರೂ ಇಲ್ಲ, ನೀವೇ ಇದ್ದೀರಿ ಎಂದು ಹೇಳಿದಂತೆ. 1974ರಲ್ಲಿ ಸೆನ್ಸ್ಟರನ್ನು ಕಳಚಿದರು. ಉಕ್ಕಿನ ಅಸ್ಥಿಪಂಜರ ಹಾಲೆಂಡಿನ ಒಂದು ಕಾರ್ಖಾನೆಯ ಹೊರಗೆ ದಶಕಗಳ ಕಾಲ ಮಳೆಬಿಸಿಲಿಗೆ ನಿಂತಿತ್ತು. 2017ರಲ್ಲಿ ಪೋಲೆಂಡಿನ ಕ್ರಾಕೋವ್‌ನ ಎ.ಜಿ.ಎಚ್. ವಿಶ್ವವಿದ್ಯಾನಿಲಯ ಅದನ್ನು ಕೊಂಡು, ಮರುವರ್ಷ ಮತ್ತೆ ಚಲಿಸುವಂತೆ ಮಾಡಿತು. ಶಿಲ್ಪಿ 1988ರಲ್ಲೇ ತೀರಿಕೊಂಡಿದ್ದ. ಅವನು ಬಿಟ್ಟುಬಂದ ನಾಡಿಗೆ ಅವನ ಪ್ರಾಣಿ ಮರಳಿತು.

ಇಲಿಗಳ ಊರು

1970ರಲ್ಲೇ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಮಿನಲ್ಲಿ ಜಾಕ್ ಬರ್ನ್‌ಹ್ಯಾಮ್ ಎಂಬ ವಿಮರ್ಶಕ 'ಸಾಫ್ಟ್‌ವೇರ್' ಎಂಬ ಪ್ರದರ್ಶನವನ್ನು ಏರ್ಪಡಿಸಿದ. ಅದರಲ್ಲಿ ನಿಕೊಲಸ್ ನೆಗ್ರೊಪಾಂಟೆಯೂ ಅವನ ಎಂ.ಐ.ಟಿ. ಸಂಗಾತಿಗಳೂ ಒಂದು ಗಾಜಿನ ಪೆಟ್ಟಿಗೆಯನ್ನು ನಿಲ್ಲಿಸಿದರು; ಹೆಸರು 'ಸೀಕ್'. ಒಳಗೆ ಲೋಹದ ಹೊದಿಕೆಯ ಸುಮಾರು 500 ಸಣ್ಣ ಇಟ್ಟಿಗೆಗಳಿಂದ ಕಟ್ಟಿದ ಊರು. ಅದರಲ್ಲಿ ಜರ್ಬಿಲ್ ಎಂಬ ಮರುಭೂಮಿಯ ಇಲಿಗಳು. ಮೇಲಿನಿಂದ ಕಂಪ್ಯೂಟರ್ ನಡೆಸುವ ಕೈ. ಇಲಿಗಳು ಇಟ್ಟಿಗೆಗಳನ್ನು ಉರುಳಿಸುತ್ತಿದ್ದವು. ಅಷ್ಟಿಷ್ಟು ಸರಿದಿದ್ದರೆ ಯಂತ್ರದ ಕೈ ಅದನ್ನು ನೆಟ್ಟಗೆ ಮಾಡುತ್ತಿತ್ತು; ಬಹಳ ದೂರ ಸರಿದಿದ್ದರೆ, ಇದು ಇಲಿಗಳ ಇಷ್ಟವಿರಬೇಕೆಂದು ಹೊಸ ಜಾಗದಲ್ಲೇ ಸರಿಯಾಗಿ ಕೂರಿಸುತ್ತಿತ್ತು. ವಾಸಿಸುವವರ ಇಷ್ಟ ತಿಳಿದು ಮನೆ ಕಟ್ಟುವ ಯಂತ್ರ ಎಂಬುದು ಉದ್ದೇಶ. ನಡೆದದ್ದು ಬೇರೆ. ಯಂತ್ರ ತಡಬಡಾಯಿಸಿತು, ಇಲಿಗಳು ತಮ್ಮೊಳಗೇ ಕಚ್ಚಾಡಿದವು ಎಂದು ಆ ಪ್ರದರ್ಶನದ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಇಲಿಯೊಂದು ಇಟ್ಟಿಗೆಯನ್ನು ಉರುಳಿಸಿದ್ದು ಇಷ್ಟದಿಂದಲೋ, ಹೆದರಿಕೆಯಿಂದಲೋ, ದಾರಿಗೆ ಅಡ್ಡ ಬಂದದ್ದರಿಂದಲೋ? ಯಂತ್ರ ಕೇಳಲಿಲ್ಲ, ಅಳೆಯಿತು ಅಷ್ಟೆ. ಎಷ್ಟು ಅಂಗುಲ ಸರಿದಿದೆ ಎಂಬುದೇ ಅದರ ಪಾಲಿಗೆ ಇಲಿಯ ಅಭಿಪ್ರಾಯವಾಯಿತು. ಐವತ್ತು ವರ್ಷಗಳ ಮೇಲೆ ಇಂದು ನಾವು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತೆವೆಂದು ನಮ್ಮ ಫೋನು ಅಳೆದು, ಅದನ್ನೇ ನಮ್ಮ ಇಷ್ಟವೆಂದು ತಿಳಿದು, ಅದರಂತೆ ನಮ್ಮ ಊರನ್ನು ಜೋಡಿಸಿಕೊಡುತ್ತಿದೆ. 'ಸೀಕ್' ಸೋತ ಕೃತಿಯೆಂದು ಹಲವರು ಹೇಳುತ್ತಾರೆ. ಸೋತದ್ದರಿಂದಲೇ ಅದು ಸತ್ಯ ಹೇಳಿತು ಎಂದು ನನ್ನ ಅಭಿಪ್ರಾಯ.

ಕಲಿಸಿದ್ದು ಮತ್ತು ಕೂಡಿಹಾಕಿದ್ದು

ಈ ಕಾಲದ ಇನ್ನೊಬ್ಬ ಮುಖ್ಯ ವ್ಯಕ್ತಿ ಹೆರಾಲ್ಡ್ ಕೊಹೆನ್. 1966ರ ವೆನಿಸ್ ದ್ವೈವಾರ್ಷಿಕದಲ್ಲಿ ಬ್ರಿಟನ್ನಿನ ಪ್ರತಿನಿಧಿಯಾಗಿದ್ದ ಈ ಚಿತ್ರಕಾರ 1968ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ, ಅಲ್ಲಿ 'ಆರನ್' ಎಂಬ ಚಿತ್ರ ಬರೆಯುವ ಪ್ರೋಗ್ರಾಮಿನ ಕೆಲಸಕ್ಕೆ ಕೈಹಾಕಿದ. 2016ರಲ್ಲಿ ತೀರಿಕೊಳ್ಳುವ ವರೆಗೂ, ನಾಲ್ಕು ದಶಕಗಳಿಗೂ ಮಿಕ್ಕಿ, ಅದನ್ನು ತಿದ್ದುತ್ತಲೇ ಇದ್ದ. ಮುಚ್ಚಿದ ಆಕೃತಿ ಯಾವುದು, ಒಂದರ ಹಿಂದೆ ಒಂದು ಇದ್ದರೆ ಹೇಗೆ ಕಾಣುತ್ತದೆ, ಮನುಷ್ಯನ ಕೈ ಎಲ್ಲಿ ಮಡಚುತ್ತದೆ, ಇದೆಲ್ಲವನ್ನೂ ಕೊಹೆನ್ ಒಂದೊಂದೇ ನಿಯಮವಾಗಿ ಬರೆದು ಕಲಿಸಿದ. ಆರನ್‌ಗೆ ಗೊತ್ತಿದ್ದುದೆಲ್ಲ ಒಬ್ಬ ಗುರುವಿನಿಂದ ಬಂದದ್ದು. ಅದರ ಪೆಟ್ಟಿಗೆಯೊಳಗೆ ಯಾರಿದ್ದಾರೆ ಎಂದು ಕೇಳಿದರೆ ಹೆಸರು ಹೇಳಿ ತೋರಿಸಬಹುದಿತ್ತು.

ಇಪ್ಪತ್ತೊಂದನೆಯ ಶತಮಾನದಲ್ಲಿ ದಾರಿ ಬದಲಾಯಿತು. ಯಂತ್ರಕ್ಕೆ ನಿಯಮ ಕಲಿಸುವ ಬದಲು ಲಕ್ಷಗಟ್ಟಲೆ ಉದಾಹರಣೆಗಳನ್ನು ಅದರ ಮುಂದೆ ಸುರಿದು, ತಾನೇ ಹೋಲಿಕೆ ಹಿಡಿಯಲು ಬಿಡುವುದು ಹೊಸ ಕ್ರಮ. ಇದರಲ್ಲಿ ಮೈಲಿಗಲ್ಲಾದದ್ದು 2009ರಲ್ಲಿ ಪ್ರಕಟವಾದ 'ಇಮೇಜ್‌ನೆಟ್'. ಫೇಯಿ-ಫೇಯಿ ಲೀ ಅವರ ನೇತೃತ್ವದಲ್ಲಿ ಅಂತರ್ಜಾಲದಿಂದ ಒಟ್ಟುಮಾಡಿದ ಚಿತ್ರಗಳು ಮುಂದೆ 1 ಕೋಟಿ 40 ಲಕ್ಷ ದಾಟಿದವು. ಅವುಗಳನ್ನು ಇಪ್ಪತ್ತು ಸಾವಿರಕ್ಕೂ ಹೆಚ್ಚು ವರ್ಗಗಳಲ್ಲಿ ವಿಂಗಡಿಸಲಾಯಿತು. ಇದು ನಾಯಿ, ಇದು ಮಾವಿನಹಣ್ಣು, ಇದು ದೋಣಿ ಎಂದು ಪ್ರತಿಯೊಂದು ಚಿತ್ರಕ್ಕೂ ಚೀಟಿ ಅಂಟಿಸಿದವರು ಯಾರು? 167 ದೇಶಗಳ ಸುಮಾರು 49,000 ಮಂದಿ. ಚಿಲ್ಲರೆ ಹಣಕ್ಕೆ, ತಮ್ಮ ತಮ್ಮ ಮನೆಗಳಲ್ಲಿ ಕುಳಿತು. ಅವರಿಗೆ ಈ ಕೆಲಸವನ್ನು ಹಂಚಿದ ಅಮೆಜಾನ್ ಕಂಪೆನಿಯ ವ್ಯವಸ್ಥೆ 2005ರಲ್ಲಿ ಆರಂಭವಾದದ್ದು. ಅದರ ಹೆಸರು 'ಮೆಕ್ಯಾನಿಕಲ್ ಟರ್ಕ್', ಯಾಂತ್ರಿಕ ತುರ್ಕ.

ಹೆಸರಿಟ್ಟವರಿಗೆ ಚರಿತ್ರೆ ಗೊತ್ತಿತ್ತು. ಫಿಲಡೆಲ್ಫಿಯಾದಲ್ಲಿ ಸುಟ್ಟುಹೋದ ಪೆಟ್ಟಿಗೆ ಮತ್ತೆ ಎದ್ದು ಬಂದಿತ್ತು. ಈ ಸಲ ಒಳಗೆ ಕುಳಿತವರು ಒಬ್ಬರಲ್ಲ, ಸಾವಿರಾರು. ಅವರು ಯಾರೆಂದು ಹೊರಗಿನವರಿಗೂ ತಿಳಿಯದು, ಒಬ್ಬರಿಗೊಬ್ಬರಿಗೂ ತಿಳಿಯದು.

ಮಿಲಾನಿನಲ್ಲಿ ತೆರೆದ ಬಾಗಿಲು

2019ರ ಸಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದ ಪ್ರಾದಾ ಪ್ರತಿಷ್ಠಾನದಲ್ಲಿ ಅಮೆರಿಕದ ಕಲಾವಿದ ಟ್ರೆವರ್ ಪ್ಯಾಗ್ಲೆನ್ ಮತ್ತು ಆಸ್ಟ್ರೇಲಿಯಾ ಮೂಲದ ವಿದುಷಿ ಕೇಟ್ ಕ್ರಾಫರ್ಡ್ ಸೇರಿ 'ಟ್ರೈನಿಂಗ್ ಹ್ಯೂಮನ್ಸ್' ಎಂಬ ಪ್ರದರ್ಶನ ನಡೆಸಿದರು. 1960ರ ದಶಕದಿಂದ ಮುಂದಕ್ಕೆ ಮುಖ ಗುರುತಿಸುವ ಯಂತ್ರಗಳಿಗೆ ಉಣಿಸಿದ ಚಿತ್ರಗಳನ್ನೇ ಅವರು ಗೋಡೆಯ ತುಂಬ ಜೋಡಿಸಿದರು. ಅವುಗಳಲ್ಲಿ ಪೊಲೀಸರು ಬಂಧಿತರನ್ನು ನಿಲ್ಲಿಸಿ ತೆಗೆದ ಮುಖಗಳಿದ್ದವು, ಸಾಮಾನ್ಯ ಜನ ಸಂತೋಷಕ್ಕೆಂದು ಅಂತರ್ಜಾಲದಲ್ಲಿ ಹಾಕಿದ ಚಿತ್ರಗಳಿದ್ದವು. ಅವರನ್ನು ಯಾರೂ ಕೇಳಿರಲಿಲ್ಲ.

ಆ ಪ್ರದರ್ಶನದ ಒಂದು ಕೃತಿಯೇ 'ಇಮೇಜ್‌ನೆಟ್ ರೂಲೆಟ್'. ಕ್ಯಾಮರಾದ ಮುಂದೆ ನಿಂತರೆ ಪರದೆಯ ಮೇಲೆ ನಿಮ್ಮ ಮುಖದ ಸುತ್ತ ಒಂದು ಚೌಕ. ಅದರ ಮೇಲೆ, ನೀವು ಇಂಥವರು ಎಂಬ ಚೀಟಿ. ಇಮೇಜ್‌ನೆಟ್‌ನಲ್ಲಿ ಮನುಷ್ಯರಿಗೆಂದೇ ಇದ್ದ 2,833 ವರ್ಗಗಳಿಂದ ಅದು ಚೀಟಿಯನ್ನು ಆರಿಸುತ್ತಿತ್ತು. ವೈದ್ಯ, ಅಜ್ಜಿ ಎಂಬಂಥವು ಮಾತ್ರ ಅದರಲ್ಲಿದ್ದುವಲ್ಲ. ಕೆಟ್ಟವನು, ಸೋತವನು, ಅಪರಾಧಿ ಎಂಬವೂ ಇದ್ದವು. ಕಪ್ಪು ಜನರಿಗೂ ಪೂರ್ವ ಏಷ್ಯಾದವರಿಗೂ ಬೈಗುಳದ ಚೀಟಿಗಳು ಬಂದವು. ಆ ಪಟ್ಟಿಯಲ್ಲಿ ಸಾಲಗಾರ ಎಂಬ ವರ್ಗವೂ ಇತ್ತೆಂದು ಓದಿದಾಗ ನಾನು ಪುಸ್ತಕ ಮುಚ್ಚಿ ನಕ್ಕೆ. ಮುಖ ನೋಡಿ ಇವನು ಸಾಲಗಾರನೆಂದು ಹೇಳುವ ವಿದ್ಯೆ ಇಷ್ಟು ವರ್ಷ ಕೌಂಟರಿನಲ್ಲಿ ಕುಳಿತ ನನಗೂ ಬಂದಿಲ್ಲ. ನಕ್ಕ ಮೇಲೆ ಹೆದರಿಕೆಯಾಯಿತು: ಯಂತ್ರಕ್ಕೆ ಬರುತ್ತದೆಂದು ನಂಬುವವರು ಬಂದರೆ?

ಈ ಕೃತಿಯ ಗಲಾಟೆ ಲೋಕವಿಡೀ ಹಬ್ಬಿದ ಆ ತಿಂಗಳಲ್ಲೇ ಇಮೇಜ್‌ನೆಟ್‌ನವರು ಮನುಷ್ಯರ ವರ್ಗಗಳಿಂದ ಸುಮಾರು 6 ಲಕ್ಷ ಚಿತ್ರಗಳನ್ನು ತೆಗೆದುಹಾಕುವುದಾಗಿ ತಿಳಿಸಿದರು. ಅವರು ಮೊದಲಿಂದಲೂ ಈ ತಿದ್ದುಪಡಿಯ ಕೆಲಸದಲ್ಲಿದ್ದರೆಂಬುದನ್ನೂ ಹೇಳಬೇಕು. ಆದರೆ ಹತ್ತು ವರ್ಷ ತಜ್ಞರ ಕೋಣೆಯಲ್ಲಿದ್ದ ವಿಷಯ ಜನರ ಬಾಯಿಗೆ ಬಂದದ್ದು, ಒಂದು ಕಲಾಕೃತಿ ಬಾಗಿಲು ತೆರೆದು ಇದು ನಿಮ್ಮದೇ ಮುಖ ಎಂದು ತೋರಿಸಿದ ಮೇಲೆ.

ಇದಕ್ಕೆ ತುಸು ಮುಂಚೆ ಎಂ.ಐ.ಟಿ.ಯಲ್ಲಿ ಘಾನಾ ಮೂಲದ ಜಾಯ್ ಬುವೊಲಮ್ವೀನಿ ಎಂಬ ವಿದ್ಯಾರ್ಥಿನಿಗೆ ಇನ್ನೊಂದು ಅನುಭವವಾಗಿತ್ತು. ಕನ್ನಡಿಯ ಮೇಲೆ ಮುಖಕ್ಕೆ ಬಣ್ಣ ಮೂಡಿಸುವ ಒಂದು ಕಲಾಕೃತಿಯಂಥದನ್ನು ಮಾಡಲು ಹೊರಟ ಆಕೆಯ ಕಪ್ಪು ಮುಖವನ್ನು ಯಂತ್ರ ಮುಖವೆಂದೇ ಎಣಿಸಲಿಲ್ಲ. ಬಿಳಿಯ ಮುಖವಾಡ ತೊಟ್ಟೊಡನೆ ಗುರುತಿಸಿತು. ಆಕೆ ಟಿಮ್ನಿಟ್ ಗೆಬ್ರು ಅವರೊಂದಿಗೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪೆನಿಗಳ ಯಂತ್ರಗಳು ಬಿಳಿಯ ಗಂಡಸರಲ್ಲಿ ಹೆಚ್ಚೆಂದರೆ ಶೇಕಡಾ 0.8ರಷ್ಟು ತಪ್ಪಿದರೆ, ಕಪ್ಪು ಹೆಂಗಸರಲ್ಲಿ ಶೇಕಡಾ 34.7ರ ವರೆಗೆ ತಪ್ಪಿದವು. ತಪ್ಪು ಎಂಬುದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಯಾರ ಚಿತ್ರ ಕಡಿಮೆ ಉಣಿಸಿದರೋ ಅವರ ಪಾಲಿಗೆ ತಪ್ಪು ಹೆಚ್ಚು.

ಕೈಬರಹದ ಚೀಟಿ, ಮನೆಯ ಮಾತು

ಪೆಟ್ಟಿಗೆಯನ್ನು ಬಯ್ಯುವುದಷ್ಟೇ ಕಲಾವಿದರ ಕೆಲಸವಾಗಲಿಲ್ಲ. ಕೇಟ್ ಕ್ರಾಫರ್ಡ್ ಮತ್ತು ಸರ್ಬಿಯಾದ ವ್ಲಾದಾನ್ ಯೋಲೆರ್ 2018ರಲ್ಲಿ ಅಮೆಜಾನ್‌ನ ಮಾತಾಡುವ ಡಬ್ಬಿಯೊಂದನ್ನು ತೆಗೆದುಕೊಂಡು, ಅದರ ಲಿಥಿಯಮ್ ಅಗೆದ ಗಣಿಯಿಂದ ಹಿಡಿದು ಅದು ಕಸವಾಗುವ ತಿಪ್ಪೆಯ ವರೆಗೆ, ನಡುವೆ ದುಡಿದವರೆಲ್ಲರನ್ನೂ ಸೇರಿಸಿ ಒಂದು ಗೋಡೆಯಗಲದ ನಕ್ಷೆ ಬರೆದರು. ಈಗ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಇಂಗ್ಲೆಂಡಿನ ಆನಾ ರಿಡ್ಲರ್ 2018ರಲ್ಲಿ ಹಾಲೆಂಡಿನಲ್ಲಿ ಒಂದು ಟ್ಯುಲಿಪ್ ಋತುವಿಡೀ ಕಳೆದು 10,000 ಹೂಗಳ ಚಿತ್ರ ತೆಗೆದಳು. ಒಂದೊಂದರ ಕೆಳಗೂ ಬಣ್ಣ, ರೇಖೆ, ಅರಳಿದ ಪರಿ ಇವನ್ನು ಸ್ವಂತ ಕೈಯಿಂದ ಬರೆದು ಗೋಡೆಗೆ ಅಂಟಿಸಿದಳು. ಯಂತ್ರಕ್ಕೆ ಕಲಿಸಿದ್ದು ಆ ಚಿತ್ರಗಳಿಂದಲೇ. ಇದು ಬಿಳಿಯೋ, ತಿಳಿ ಗುಲಾಬಿಯೋ ಎಂದು ಹತ್ತು ಸಾವಿರ ಸಲ ತೀರ್ಮಾನಿಸಬೇಕಾದ ಬಳಲಿಕೆಯೇ ಆ ಕೃತಿಯ ವಸ್ತು. ದಾಖಲೆ ಪುಸ್ತಕ ಬರೆದ ಯಾವ ಗುಮಾಸ್ತನಿಗೂ ಆ ಬಳಲಿಕೆಯನ್ನು ವಿವರಿಸಬೇಕಾಗಿಲ್ಲ.

ನ್ಯೂಯಾರ್ಕಿನ ಕಪ್ಪು ಕಲಾವಿದೆ ಸ್ಟೆಫನಿ ಡಿಂಕಿನ್ಸ್ ಇನ್ನೂ ಮುಂದೆ ಹೋದಳು. 2018ರಲ್ಲಿ ಮೊದಲು ರೂಪುಗೊಂಡ ಅವಳ 'ನಾಟ್ ದಿ ಓನ್ಲಿ ವನ್' ಒಂದು ಮಾತಾಡುವ ಶಿಲ್ಪ. ತನ್ನ ಕುಟುಂಬದ ಮೂರು ತಲೆಮಾರಿನ ಹೆಂಗಸರು ಹೇಳಿದ ನೆನಪುಗಳನ್ನು ಅದಕ್ಕೆ ಉಣಿಸಿದಳು. ಇಷ್ಟು ಕಡಿಮೆ ಮಾತಿನಿಂದ ಕಲಿತ ಯಂತ್ರ ನಿರರ್ಗಳವಾಗಿ ಮಾತಾಡುವುದಿಲ್ಲ. ತಡವರಿಸುತ್ತದೆ, ಕೇಳಿದ್ದೊಂದಾದರೆ ಇನ್ನೊಂದು ಹೇಳುತ್ತದೆ. ಅವಳು ಅದನ್ನು ಹಾಗೆಯೇ ಜನರ ಮುಂದಿಟ್ಟಳು. ಪರರ ಮಾತನ್ನು ಕದ್ದು ಸೊಗಸಾಗಿ ಮಾತಾಡುವುದಕ್ಕಿಂತ, ಮನೆಯವರ ಮಾತನ್ನು ಕೇಳಿ ಪಡೆದು ತೊದಲುವುದು ಲೇಸೆಂಬ ನಿಲುವು ಅದರಲ್ಲಿದೆ. ಸಣ್ಣ ಭಾಷೆಗಳವರಿಗೆ, ಗಡಿಯ ಭಾಷೆಗಳವರಿಗೆ, ತುಳು, ಕೊರಗ, ಮರಾಟಿ, ಕರಾಡ ಮಾತಾಡುವ ನಮ್ಮ ನೆರೆಕರೆಗೆ, ಈ ಕೃತಿ ಬಹಳ ಹತ್ತಿರದ್ದು.

ನಮ್ಮ ಕಡೆಯ ಮುಖ

ಭಾರತದಲ್ಲೂ ಈ ಕಲೆ ಕಾಲಿಟ್ಟಿದೆ. 2018ರಲ್ಲಿ ದೆಹಲಿಯ ನೇಚರ್ ಮಾರ್ಟ್ ಗ್ಯಾಲರಿಯಲ್ಲಿ ಬೆಂಗಳೂರಿನ ರಾಘವ ಕೆ.ಕೆ. ಮತ್ತು ಕಾರ್ತಿಕ್ ಕಲ್ಯಾಣರಾಮನ್ 'ಗ್ರೇಡಿಯೆಂಟ್ ಡಿಸೆಂಟ್' ಎಂಬ ಪ್ರದರ್ಶನವನ್ನು ಸಂಯೋಜಿಸಿದರು. ಅದರಲ್ಲಿ ಭಾಗವಹಿಸಿದ ಭಾರತೀಯ ಹರ್ಷಿತ್ ಅಗರ್‌ವಾಲ್. ಆತನ ಮುಂದಿನ ಒಂದು ಪ್ರತಿಷ್ಠಾಪನೆ 'ಮಾಸ್ಕ್‌ಡ್ ರಿಯಾಲಿಟಿ'. ಪರದೆಯ ಮುಂದೆ ನಿಂತವನ ಮುಖ ನಿಂತಲ್ಲೇ ಕಥಕಳಿಯ ಮುಖವಾಗಿಯೂ ತೆಯ್ಯದ ಮುಖವಾಗಿಯೂ ಮಾರ್ಪಡುತ್ತದೆ. ಒಂದು ಮೇಲ್ಜಾತಿಯವರ ಅಂಗಳದಲ್ಲಿ ಬೆಳೆದ ಕಲೆ, ಇನ್ನೊಂದು ಕೆಳಗೆ ತಳ್ಳಲ್ಪಟ್ಟವರು ದೈವವಾಗಿ ನಿಲ್ಲುವ ಆರಾಧನೆ. ಎರಡನ್ನೂ ಒಬ್ಬನೇ ನೋಡುಗನ ಮುಖಕ್ಕೆ ಹಚ್ಚುವುದರಲ್ಲಿ ಒಂದು ವಿಚಾರ ಇದೆ.

ಆದರೆ ಕಾಸರಗೋಡಿನವರಾದ ನಮಗೆ ಅಲ್ಲಿ ಒಂದು ಮಾತು ಹೇಳಲಿಕ್ಕಿದೆ. ತೆಯ್ಯ ಕಟ್ಟುವವನು ಗಂಟೆಗಟ್ಟಲೆ ಅಲುಗದೆ ಮಲಗಿ ಮುಖಕ್ಕೆ ಬರೆಸಿಕೊಳ್ಳುತ್ತಾನೆ. ಮುಡಿ ಏರಿಸಿದ ಮೇಲೆ ಕೈಗೆ ಒಂದು ಕನ್ನಡಿ ಕೊಡುತ್ತಾರೆ. ಅದರಲ್ಲಿ ಕಂಡದ್ದು ತನ್ನ ಮುಖವಲ್ಲ, ದೈವದ ಮುಖ ಎಂದು ತಿಳಿದ ಕ್ಷಣ ಆವೇಶ ಬರುತ್ತದೆ. ಅದರ ಹಿಂದೆ ವ್ರತವಿದೆ, ಹಸಿವೆಯಿದೆ, ತಲೆಮಾರುಗಳ ಅವಮಾನವಿದೆ, ವರ್ಷಕ್ಕೊಂದು ರಾತ್ರಿ ಅದೇ ಯಜಮಾನನನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುವ ಅಧಿಕಾರವಿದೆ. ಕ್ಯಾಮರಾದ ಮುಂದೆ ಕ್ಷಣದಲ್ಲಿ ಬಂದ ಮುಖಕ್ಕೆ ಆ ಅಧಿಕಾರ ಬರುವುದಿಲ್ಲ. ಕಲಾವಿದ ಅದನ್ನು ತಿಳಿದೇ ಮುಖವಾಡ ಎಂಬ ಹೆಸರಿಟ್ಟಿರಬೇಕು. ಕನ್ನಡಿ ಎಂದಾಗ ನಾರಾಯಣ ಗುರುಗಳ ನೆನಪಾಗದಿರುವುದಿಲ್ಲ. 1888ರಲ್ಲಿ ಅರುವಿಪ್ಪುರದಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ ಅವರು 1927ರಲ್ಲಿ ಕಳವಂಕೋಡದಲ್ಲಿ ಪ್ರತಿಷ್ಠಾಪಿಸಿದ್ದು ಒಂದು ಕನ್ನಡಿಯನ್ನು. ನೋಡುವವನೇ ಅಲ್ಲಿ ಬಿಂಬ. ಪ್ರತಿಷ್ಠಾಪನೆ ಎಂಬ ಶಬ್ದದ ಎರಡು ಅರ್ಥಗಳೂ ಒಂದಾದ ಜಾಗ ಅದು ಎಂದು ನನಗನಿಸುತ್ತದೆ.

ಪೆಟ್ಟಿಗೆಯೊಳಗಿನ ಕೆಲಸವೂ ನಮ್ಮ ಭಾಷೆಯ ಅಂಗಳಕ್ಕೆ ಬಂದಾಯಿತು. ಬೆಂಗಳೂರಿನಲ್ಲಿ ಆರಂಭವಾದ 'ಕಾರ್ಯ' ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಯಂತ್ರಕ್ಕೆ ಕನ್ನಡ ಕಲಿಸುವ ದತ್ತಾಂಶವನ್ನು ಒದಗಿಸುತ್ತಿದೆ. ಇದಕ್ಕೆ ಮಾಮೂಲಿಗಿಂತ ಒಳ್ಳೆಯ ಸಂಬಳ ಕೊಡುವುದೂ, ಆ ದತ್ತಾಂಶ ಮುಂದೆ ಮಾರಾಟವಾದರೆ ಓದಿದವರಿಗೆ ಪಾಲು ಕೊಡುವುದೂ ಅದರ ಕ್ರಮ. ಒಳಗೆ ಕುಳಿತವರಿಗೆ ತಾವು ಕುಳಿತಿದ್ದೇವೆಂದು ತಿಳಿದಿರುವುದು, ಅದರ ಬೆಲೆ ಸಿಗುವುದು ಸಣ್ಣ ಸಂಗತಿಯಲ್ಲ.

ಕೌಂಟರಿನ ಈಚೆ

ನಾನು ಕೆಲಸಕ್ಕೆ ಸೇರುವಾಗ ಹಳೆಯ ಲೆಜ್ಜರುಗಳು ಹಿಂದಿನ ಕೋಣೆ ಸೇರಿದ್ದವು. ಕಂಪ್ಯೂಟರ್ ಬಂದರೆ ಗುಮಾಸ್ತ ಬೇಡವೆಂದು ಹಿರಿಯರು ಮುಷ್ಕರ ಹೂಡಿದ್ದ ಕತೆಗಳನ್ನು ಕೇಳುತ್ತ ಬೆಳೆದವನು ನಾನು. ಗುಮಾಸ್ತ ಹೋಗಲಿಲ್ಲ; ಪೆಟ್ಟಿಗೆಯ ಒಳಗೆ ಸರಿದ.

ಒಂದು ದಿನ ಗಡಿಯ ಹಳ್ಳಿಯೊಂದರ ಮುದುಕಿ ಪಿಂಚಣಿ ಬರಲಿಲ್ಲವೆಂದು ಕೌಂಟರಿಗೆ ಬಂದರು. ಅವರ ಹೆಸರನ್ನು ಲಕ್ಷ್ಮಿ ಎಂದಿಟ್ಟುಕೊಳ್ಳೋಣ. ಕನ್ನಡ ಶಾಲೆಯ ಮಾಸ್ತರರು ಇಂಗ್ಲಿಷಿನಲ್ಲಿ ಅದನ್ನು 'ಎಕ್ಸ್' ಅಕ್ಷರ ಹಾಕಿ ಬರೆದಿದ್ದರು. ತೆಂಕಣ ಕೇರಳದಿಂದ ಬಂದ ಅಧಿಕಾರಿ ತಮ್ಮ ಊರಿನ ರೂಢಿಯಂತೆ 'ಲೆಕ್ಷ್ಮಿ' ಎಂದು ಮಾಡಿದ್ದರು. ಮೂರನೆಯ ಕಾಗದದಲ್ಲಿ ಮೂರನೆಯ ರೂಪ. ಮೂರನ್ನೂ ಹೋಲಿಸಿದ ಯಂತ್ರ, ಇವರು ಮೂವರು ಬೇರೆ ಬೇರೆ ಮನುಷ್ಯರೆಂದು ತೀರ್ಮಾನಿಸಿ ಹಣ ತಡೆದಿತ್ತು. ನಾನು ಪರದೆ ನೋಡುತ್ತ, "ಹೆಸರು ಹೊಂದಿಕೆ ಆಗುವುದಿಲ್ಲ ಅಮ್ಮಾ" ಎಂದೆ. ಅವರು ಸಿಟ್ಟು ಮಾಡಲಿಲ್ಲ. "ನನ್ನ ಹೆಸರು ನನಗೆ ಗೊತ್ತುಂಟು ಮಗಾ. ನಿಮ್ಮ ಪೆಟ್ಟಿಗೆಗೆ ಗೊತ್ತಿಲ್ಲದಿದ್ದರೆ ಅದಕ್ಕೆ ಹೇಳಿಕೊಡು" ಎಂದರು.

ಹೇಳಿಕೊಟ್ಟೆ. ಅರ್ಜಿ, ದೃಢೀಕರಣ, ಎರಡು ಕಚೇರಿಗಳಿಗೆ ಓಡಾಟ ಸೇರಿ ಮೂರು ತಿಂಗಳು ಹಿಡಿಯಿತು. ಅಷ್ಟರ ವರೆಗೆ ಅವರು ಅಂಗಡಿಯಲ್ಲಿ ಕಡ ಹೇಳಿದರು. 1956ರ ನವೆಂಬರ್ 1ರಿಂದ ಈಚೆಗೆ, ಯಾರೋ ಎಳೆದ ಗೆರೆಯೊಳಗೆ, ಯಾರೋ ಬರೆದ ಕಾಲಮಿನೊಳಗೆ ತನ್ನ ಹೆಸರನ್ನೂ ಮಾತನ್ನೂ ಹೊಂದಿಸಿಕೊಳ್ಳುವ ಕಷ್ಟ ಈ ಊರಿನವರಿಗೆ ಹೊಸದಲ್ಲ. ಹೊಸದೇನೆಂದರೆ, ಆಗ ಕಾಲಮಿನ ಆಚೆ ಒಬ್ಬ ಗುಮಾಸ್ತನಿದ್ದ. ಅವನೊಂದಿಗೆ ಜಗಳವಾಡಬಹುದಿತ್ತು, ಅವನಿಗೆ ನಾಚಿಕೆಯಾಗಬಹುದಿತ್ತು. ಯಂತ್ರಕ್ಕೆ ನಾಚಿಕೆಯಿಲ್ಲ.

ಆದುದರಿಂದಲೇ ಈ ಕಲಾವಿದರ ಕೆಲಸ ನನಗೆ ದೂರದ ಶ್ರೀಮಂತ ಊರುಗಳ ಶೋಕಿಯಾಗಿ ಕಾಣುವುದಿಲ್ಲ. ಇಹ್ನಾತೋವಿಚ್ ಒಳಗೆ ಯಾರೂ ಇಲ್ಲವೆಂದು ಒಪ್ಪಿಕೊಂಡ. ಪ್ಯಾಗ್ಲೆನ್, ಕ್ರಾಫರ್ಡ್ ಒಳಗಿರುವವರ ಚೀಟಿಗಳನ್ನು ಹೊರಗೆ ತಂದರು. ರಿಡ್ಲರ್ ತಾನೇ ಒಳಗೆ ಕುಳಿತು ಬರೆದಳು. ಡಿಂಕಿನ್ಸ್ ತನ್ನ ಮನೆಯ ಹಿರಿಯರನ್ನು ಗೌರವದಿಂದ ಒಳಗೆ ಕರೆದಳು. ಇವರೆಲ್ಲರೂ ಕೆಂಪೆಲೆನ್‌ನ ಹಾಗೆ ಬಾಗಿಲು ತೆರೆದವರೇ. ಆದರೆ ಮೇಣದ ಬತ್ತಿಯನ್ನು ಮನುಷ್ಯನಿದ್ದ ಕಡೆಗೆ ಹಿಡಿದರು.

ಆ ಅಮ್ಮ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಪಾಸ್‌ಬುಕ್ಕಿನಲ್ಲಿ ಹೊಸ ಸಾಲು ಮುದ್ರಿಸಿ ಕೊಟ್ಟಾಗ ಮೊತ್ತ ನೋಡುವ ಮುಂಚೆ, ಓದಲು ಬಾರದಿದ್ದರೂ, ಮೇಲಿನ ಹೆಸರಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳುತ್ತಾರೆ: "ಇದು ನಾನೇ ಅಲ್ಲವಾ?"

ಹೌದಮ್ಮಾ, ನೀವೇ ಎನ್ನುತ್ತೇನೆ. ಹಾಗೆ ಹೇಳಲು ಕೌಂಟರಿನ ಈಚೆ ಒಬ್ಬ ಇರಬೇಕು.